ರ‍್ಯಾಲಿ ಕಾರಿಗೆ ಆಯಿಲ್ ಗೇಜ್, ಕೂಲರ್, ಹೋಸ್: ಯಾವುದು ಬೇಕು, ಯಾವುದು ಬೇಡ

ನನ್ನ ಟೂಲ್ ಬಾಕ್ಸಿನಲ್ಲಿ ಮುರಿದ ಹಿತ್ತಾಳೆ ಟೀ, ಅಂದರೆ ಮೂರು ಬಾಯಿಯ ಪೈಪ್ ಜಾಯಿಂಟ್, ಒಂದಿದೆ. ಹೆಬ್ಬೆರಳಿನಷ್ಟು ಉದ್ದ. ಥ್ರೆಡ್ ಮುಗಿಯುವ ಜಾಗದಲ್ಲಿ ಸರಿಯಾಗಿ ಎರಡು ತುಂಡಾಗಿದೆ. ಮುರಿದ ಕಡೆ ನೋಡಿದರೆ ಅರ್ಧ ಕಪ್ಪಗಿದೆ, ಇನ್ನರ್ಧ ಹೊಳೆಯುತ್ತದೆ. ಕಪ್ಪಗಿರುವ ಕಡೆ ಬಿರುಕು ಎಷ್ಟೋ ದಿನದಿಂದ ಇತ್ತು, ಆಯಿಲ್ ಅದರೊಳಗೆ ಇಳಿದು ಕರಕಲಾಗಿತ್ತು. ಹೊಳೆಯುವ ಕಡೆ ಆ ದಿನ ಬಿಟ್ಟುಕೊಂಡದ್ದು.

ಚಿಕ್ಕಮಗಳೂರಿನ ಹತ್ತಿರ, ಕಾಫಿ ತೋಟದ ದಾರಿಯಲ್ಲಿ ನಮ್ಮ ಎಸ್ಟೀಮ್ ಓಡಿಸಿ ನೋಡುತ್ತಿದ್ದೆವು. ನಾನು ಪಕ್ಕದ ಸೀಟಿನಲ್ಲಿದ್ದೆ. ಮೊದಲು ಬಂದದ್ದು ವಾಸನೆ, ಸೈಲೆನ್ಸರ್ ಮೇಲೆ ಆಯಿಲ್ ಸುಡುವ ವಾಸನೆ. ಗೆಳೆಯ ಮುಂದಿನ ತಿರುವಿನ ಮೇಲೆ ಕಣ್ಣಿಟ್ಟಿದ್ದ. ಕಂಪನಿಯಿಂದ ಬಂದ ಸಣ್ಣ ಕೆಂಪು ದೀಪ ಸ್ಟೀರಿಂಗ್ ಮರೆಯಲ್ಲಿತ್ತು. ನಾನು ಆಯಿಲ್ ಪ್ರೆಶರ್ ಗೇಜ್ ಕಡೆ ತಿರುಗುವ ಹೊತ್ತಿಗೆ ಮುಳ್ಳು ಸೊನ್ನೆಯಲ್ಲಿತ್ತು, ಕೆಳಗಿನಿಂದ ಬೇರಿಂಗ್ ಕುಟ್ಟುವ ಸದ್ದು ಬರುತ್ತಿತ್ತು. ಕ್ರ್ಯಾಂಕ್ ಹೋಯ್ತು, ಒಂದು ಕನೆಕ್ಟಿಂಗ್ ರಾಡ್ ಹೋಯ್ತು.

ಆ ಟೀ ನಾವು ಹಾಕಿದ್ದು ಇಂಜಿನ್ ಕಾಪಾಡುವುದಕ್ಕೆ. ಪ್ರೆಶರ್ ಅಳೆದು ಗೇಜಿಗೆ ತಿಳಿಸುವ ಸೆಂಡರ್ ಕೂರಿಸಲು ಜಾಗ ಬೇಕಿತ್ತು, ಅದಕ್ಕೆ ಟೀ ಹಾಕಿದೆವು. ಕಂಪನಿ ಇಂಜಿನ್ನಿನಲ್ಲಿ ಅಂಥ ಜಾಯಿಂಟ್ ಇಲ್ಲವೇ ಇಲ್ಲ. ಆಯಿಲ್ ವ್ಯವಸ್ಥೆಗೆ ಏನು ಸೇರಿಸಿದರೂ ಹೆಚ್ಚಾಗಿ ಸೋರಲು ಒಂದು ಹೊಸ ಜಾಗ ಸೇರಿಸಿದ ಹಾಗೆಯೇ. ಹಾಗಾಗಿ ಈ ಹೋಲಿಕೆಯಲ್ಲಿ ನಾನು ಪ್ರತಿ ಸಾಮಾನಿಗೂ ಕೇಳುವುದು ಎರಡೇ ಪ್ರಶ್ನೆ. ಇದರಿಂದ ಏನು ಸಿಗುತ್ತದೆ? ಇದು ಕೈಕೊಟ್ಟರೆ ಏನಾಗುತ್ತದೆ?

ಕೆ-1000 ಅಥವಾ ಚಿಕ್ಕಮಗಳೂರಿನಂಥ ರ‍್ಯಾಲಿಗೆ ಹೋಗಬೇಕು ಎಂದು ತಾವೇ ಕಾರು ಕಟ್ಟುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕಾರು 1300ರಿಂದ 1600 ಸಿಸಿ ಒಳಗಿನದು, ಟರ್ಬೊ ಇಲ್ಲ. ಎಸ್ಟೀಮ್, ಜಿಪ್ಸಿ, ಪೋಲೊ ಥರದ್ದು. ದೊಡ್ಡ ಟರ್ಬೊ ಕಾರಿನ ಲೆಕ್ಕವೇ ಬೇರೆ.

ದುಡ್ಡು ಮೊದಲು ಎಲ್ಲಿಗೆ?

ಹೆಚ್ಚಿನವರು ಆಯಿಲ್ ತಣಿಸುವ ಕೂಲರಿನಿಂದ ಶುರು ಮಾಡುತ್ತಾರೆ. ಬಂಪರ್ ಸಂದಿಯಲ್ಲಿ ಕಾಣುತ್ತದೆ, ಚೆನ್ನಾಗಿಯೂ ಇರುತ್ತದೆ. ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದದ್ದು. ಮೊದಲು ಒಂದು ದೊಡ್ಡ ಕೆಂಪು ದೀಪ ಮತ್ತು ಪ್ರೆಶರ್ ಗೇಜ್. ಆಮೇಲೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಒಳಗೆ ಬ್ಯಾಫಲ್ (ಆಯಿಲ್ ಅತ್ತಿತ್ತ ನುಗ್ಗದಂತೆ ತಡೆಯುವ ಗೋಡೆ), ಹೊರಗೆ ಒಳ್ಳೆ ಗಾರ್ಡ್. ಆಮೇಲೆ ಆಯಿಲ್ ಬಿಸಿ ತೋರಿಸುವ ಗೇಜ್. ಆ ಗೇಜ್ ಇಟ್ಟುಕೊಂಡು ಎರಡು ಮೂರು ದಿನ ಗಟ್ಟಿಯಾಗಿ ಓಡಿಸಿ, ನಿಜವಾಗಿಯೂ ಬಿಸಿ ಜಾಸ್ತಿ ಆಗುತ್ತಿದೆ ಎಂದು ಕಂಡರೆ ಮಾತ್ರ ಕೂಲರ್. ಅಳೆಯದೆ ಕೂಲರ್ ಹಾಕಿದರೆ ಬೇಡದ ಆರು ಜಾಯಿಂಟ್ ಸುಮ್ನೆ ಹಾಕಿಕೊಂಡಂತೆ. ಎಣಿಸಿ ನೋಡಿ: ಫಿಲ್ಟರಿಗೂ ಇಂಜಿನ್ ಬ್ಲಾಕಿಗೂ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟಿನಲ್ಲಿ ಎರಡು, ಕೂಲರಿನಲ್ಲಿ ಎರಡು, ಫಿಲ್ಟರಿಗೆ ಒಂದು, ಬ್ಲಾಕಿಗೆ ಒಂದು.

ದೀಪವೋ, ಮುಳ್ಳೋ?

ಎರಡೂ ಬೇಕು. ಒಂದೇ ಸಾಧ್ಯ ಎಂದಾದರೆ ನಾನು ದೀಪ ಆರಿಸುತ್ತೇನೆ. ಸ್ಟೇಜಿನ (ರ‍್ಯಾಲಿಯಲ್ಲಿ ಸಮಯ ಅಳೆಯುವ ದಾರಿಯ) ಒಳಗೆ ಡ್ರೈವರ್ ಗೇಜ್ ನೋಡುವುದಿಲ್ಲ. ಕೋ-ಡ್ರೈವರ್ ಕಣ್ಣು ಮುಂದಿನ ತಿರುವು ಓದಿ ಹೇಳುವ ಪೇಸ್ ನೋಟ್ ಮೇಲಿರುತ್ತದೆ. ನೋಡಲೇಬೇಕಾದ ಹಾಗೆ ಕಣ್ಣಿಗೆ ಹೊಡೆಯುವುದು ದೀಪ ಮಾತ್ರ.

ಆದರೆ ಕಂಪನಿ ದೀಪವನ್ನು ನಂಬಬೇಡಿ. ಅದರ ಸ್ವಿಚ್ ಸಾಮಾನ್ಯವಾಗಿ 0.3ರಿಂದ 0.5 ಬಾರ್ ಸುಮಾರಿಗೆ ಹೊತ್ತುತ್ತದೆ, ಅಂದರೆ 5-7 ಪಿಎಸ್‌ಐ. ಐಡ್ಲಿಂಗ್‌ಗೆ ಅದು ಸರಿ. 5,500 ಆರ್‌ಪಿಎಂನಲ್ಲಿ ಪ್ರೆಶರ್ ಅಷ್ಟಕ್ಕೆ ಇಳಿಯಿತು ಎಂದರೆ ಬೇರಿಂಗ್ ಆಗಲೇ ಲೋಹಕ್ಕೆ ಲೋಹ ಉಜ್ಜುತ್ತಿರುತ್ತದೆ. 20ರಿಂದ 25 ಪಿಎಸ್‌ಐಗೆ ಹೊತ್ತುವ ಬೇರೆ ಸ್ವಿಚ್ ಹಾಕಿ. ಸ್ಕ್ರೂ ತಿರುಗಿಸಿ ಸೆಟ್ ಮಾಡುವಂಥದ್ದೂ ಸಿಗುತ್ತದೆ. ಅದರಿಂದ ಡ್ಯಾಶ್ ಬೋರ್ಡಿನ ಮೇಲೆ, ರಸ್ತೆ ನೋಡುವ ಕಣ್ಣಿನ ನೇರದಲ್ಲಿ, ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಎಲ್‌ಇಡಿ. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಇದು ಮಿಣುಕುತ್ತದೆ. ಮಿಣುಕಲಿ. ದೀಪ ಸುಟ್ಟಿಲ್ಲ, ವೈರ್ ಕಡಿದಿಲ್ಲ ಎಂದು ಪ್ರತಿ ಸ್ಟಾರ್ಟ್ ಲೈನಿನಲ್ಲೂ ಗೊತ್ತಾಗುತ್ತದೆ ಅಲ್ವಾ?

ಮುಳ್ಳಿನ ಕೆಲಸ ಬೇರೆ. ಇಂಜಿನ್ ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತಿದೆ ಎಂದು ಅದು ಹೇಳುತ್ತದೆ. ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಇದ್ದರೆ ಇಂಜಿನ್ ಕ್ಷೇಮ ಎನ್ನುವುದು ಹಳೆಯ ಲೆಕ್ಕ. ಅದು ಬರೀ ಅಂದಾಜು. ನಿಮ್ಮ ಇಂಜಿನ್ ಚೆನ್ನಾಗಿರುವಾಗ, ಆಯಿಲ್ 100 ಡಿಗ್ರಿ ಇರುವಾಗ, 3,000ದಲ್ಲಿ ಎಷ್ಟು, 5,000ದಲ್ಲಿ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಬೇಕಾದದ್ದು ಅದರ ಜೊತೆ.

ಮೆಕ್ಯಾನಿಕಲ್ ಗೇಜೋ, ಎಲೆಕ್ಟ್ರಿಕ್ ಗೇಜೋ?

ಮೆಕ್ಯಾನಿಕಲ್ ಗೇಜ್ ಸರಳ. ಇಂಜಿನ್ನಿನಿಂದ ಸಣ್ಣ ಪೈಪಿನಲ್ಲಿ ಆಯಿಲ್ ನೇರವಾಗಿ ಗೇಜಿನ ಹಿಂದಕ್ಕೆ ಬರುತ್ತದೆ. ವೈರ್ ಬೇಡ, ಬ್ಯಾಟರಿ ಬೇಡ, ಮುಳ್ಳು ತಕ್ಷಣ ಆಡುತ್ತದೆ. ಗ್ಯಾರೇಜಿನಲ್ಲಿ ಬೇರೆ ಗೇಜುಗಳನ್ನು ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ನಮ್ಮ ಗ್ಯಾರೇಜಿನಲ್ಲೂ ಒಂದು ಇದೆ, ಅರ್ಧ ಮೀಟರ್ ಹೋಸಿನ ಜೊತೆ.

ಕಾರಿನ ಒಳಗೆ ಮಾತ್ರ ಬೇಡ. ಆ ಪೈಪು ಒಡೆದರೆ 100 ಡಿಗ್ರಿ ಮೀರಿದ ಆಯಿಲ್ ಮೊಣಕಾಲಿನ ಮೇಲೆ, ಪೆಡಲಿನ ಮೇಲೆ ಚಿಮ್ಮುತ್ತದೆ. ವಿಶ್ವ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎಯ ನಿಯಮಾವಳಿ, ಅಪೆಂಡಿಕ್ಸ್ ಜೆಯ 253ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ನೀರಿನ ಮತ್ತು ಆಯಿಲ್ ಪೈಪುಗಳು ಕ್ಯಾಬಿನ್ನಿನ ಹೊರಗೇ ಇರಬೇಕು. ಸ್ಕ್ರೂಟಿನಿಯಲ್ಲಿ ಸಿಕ್ಕಿಬೀಳುವ ಮಾತು ಹಾಗಿರಲಿ, ಒಳಗೆ ಕೂರುವವರು ನಮ್ಮ ಜನ.

ಹಾಗಾಗಿ ಎಲೆಕ್ಟ್ರಿಕ್. ಇದರಲ್ಲೂ ಎಲ್ಲ ಒಂದೇ ಅಲ್ಲ. ಹಳೆಯ ಬೈಮೆಟಲ್ ಗೇಜಿನ ಮುಳ್ಳು ನಿಧಾನವಾಗಿ ತೇಲುತ್ತದೆ. ಉದ್ದನೆ ತಿರುವಿನಲ್ಲಿ ಪಿಕಪ್, ಅಂದರೆ ಚೇಂಬರಿನಿಂದ ಪಂಪಿಗೆ ಆಯಿಲ್ ಹೀರುವ ಪೈಪು, ಅರ್ಧ ಸೆಕೆಂಡ್ ಗಾಳಿ ಎಳೆದರೆ ಅದು ಕದಲುವುದೇ ಇಲ್ಲ. ಎಲ್ಲ ಸರಿಯಿದೆ ಎಂದು ತೋರಿಸುತ್ತಲೇ ಇರುತ್ತದೆ. ಸ್ಟೆಪ್ಪರ್ ಮೋಟರ್ ಇರುವ ಗೇಜ್ ಚುರುಕು. ಅದರ ಜೊತೆ ಅತಿ ಕಡಿಮೆ ಪ್ರೆಶರ್ ಎಷ್ಟಿತ್ತು ಎಂದು ನೆನಪಿಡುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ದುಡ್ಡಿದ್ದವರು 0.5ರಿಂದ 4.5 ವೋಲ್ಟ್ ಕೊಡುವ ಮೂರು ವೈರಿನ ಸೆನ್ಸರ್ ಹಾಕಿ, ಓದಿದ್ದನ್ನೆಲ್ಲ ದಾಖಲಿಸುವ ಲಾಗರಿಗೆ ಕೊಡುತ್ತಾರೆ. ಸರ್ವಿಸಿಗೆ ಬಂದು ಲ್ಯಾಪ್‌ಟಾಪಿನಲ್ಲಿ ಗ್ರಾಫ್ ನೋಡಿದರೆ ಯಾವ ತಿರುವಿನಲ್ಲಿ ಪ್ರೆಶರ್ ಬಿತ್ತು ಎಂದು ಬೆರಳಿಟ್ಟು ತೋರಿಸಬಹುದು.

ಸೆಂಡರ್ ಮತ್ತು ಗೇಜ್ ಒಂದೇ ಜೋಡಿಯದಾಗಿರಲಿ. ಇದನ್ನು ಜೋರಾಗಿಯೇ ಹೇಳುತ್ತೇನೆ, ಏಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಸೆಂಡರ್ ಬೇರೆ, ಗೇಜ್ ಬೇರೆ ಕೊಳ್ಳುವವರೇ ಜಾಸ್ತಿ. ವಿಡಿಒ ಕಂಪನಿಯ ಥರದ ಸೆಂಡರುಗಳು 10ರಿಂದ 180 ಓಮ್ ಸುಮಾರಿನವು. ಅದರಲ್ಲಿ 5 ಬಾರ್ ಸೆಂಡರ್ ಇದೆ, 10 ಬಾರ್ ಸೆಂಡರ್ ಇದೆ, ಓಮ್ ಎರಡರದ್ದೂ ಅದೇ. 5 ಬಾರ್ ಸೆಂಡರನ್ನು 10 ಬಾರ್ ಗೇಜಿಗೆ ಕೊಟ್ಟರೆ ಇರುವ ಪ್ರೆಶರಿನ ಎರಡರಷ್ಟು ತೋರಿಸುತ್ತದೆ. ಎರಡು ಬಾರ್ ಇದ್ದಾಗ ನಾಲ್ಕು ಎನ್ನುತ್ತದೆ. ಇಂಜಿನ್ ಸಾಯುತ್ತಿದ್ದರೂ ಗೇಜ್ ಚೆನ್ನಾಗಿದೆ ಎನ್ನುತ್ತದೆ. ಅಮೆರಿಕದ ಗೇಜುಗಳಲ್ಲಿ ಹಲವು 240ರಿಂದ 33 ಓಮ್, ಅದೂ ತಲೆಕೆಳಗು. ಅವನ್ನು ಇವಕ್ಕೆ ಬೆರೆಸಿದರೆ ಓದಿದ್ದಕ್ಕೆ ಅರ್ಥವೇ ಇರುವುದಿಲ್ಲ.

ಥ್ರೆಡ್ಡಿನ ಗೊಂದಲ

ಜಪಾನಿನ ಇಂಜಿನ್ನುಗಳಲ್ಲಿ ಆಯಿಲ್ ಪ್ರೆಶರ್ ಸ್ವಿಚ್ಚಿನ ತೂತು ಸಾಮಾನ್ಯವಾಗಿ 1/8 ಬಿಎಸ್‌ಪಿ ಟೇಪರ್ (ತುದಿಗೆ ಸಣ್ಣದಾಗುವ ಬ್ರಿಟಿಷ್ ಪೈಪ್ ಥ್ರೆಡ್), ಇಂಚಿಗೆ 28 ಥ್ರೆಡ್. ಆನ್‌ಲೈನಿನಲ್ಲಿ ಬರುವ ಸೆಂಡರುಗಳಲ್ಲಿ ಹೆಚ್ಚಿನವು 1/8 ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್), ಇಂಚಿಗೆ 27. ಕಣ್ಣಿಗೆ ಎರಡೂ ಒಂದೇ. ಕೈಯಲ್ಲಿ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ಬಿಗಿಯಾಯಿತು, ಒಳ್ಳೆಯದಾಯಿತು ಎಂದು ಸ್ಪ್ಯಾನರ್ ಹಾಕಿ ಎಳೆಯುತ್ತೇವೆ. ಎಸ್ಟೀಮ್, ಜಿಪ್ಸಿಯಲ್ಲಿರುವ ಸುಜುಕಿ ಜಿ13 ಇಂಜಿನ್ನಿನ ಬ್ಲಾಕ್ ಅಲ್ಯುಮಿನಿಯಂ. ಥ್ರೆಡ್ ಕಿತ್ತುಬರುತ್ತದೆ, ಇಲ್ಲವೇ ತೂತಿನ ಅಂಚು ಸೀಳುತ್ತದೆ.

ನನಗೆ ಇದನ್ನು ಕಲಿಸಿದ್ದು ಪೀಣ್ಯದ ಒಬ್ಬ ಲೇತ್ ಮೇಸ್ತ್ರಿ. ಸೆಂಡರ್ ಕೈಗೆ ತೆಗೆದುಕೊಂಡರು, ಥ್ರೆಡ್ ಗೇಜಿನ ಒಂದು ಎಲೆ ಬಿಡಿಸಿ ಅದರ ಮೇಲಿಟ್ಟರು, ಟ್ಯೂಬ್‌ಲೈಟಿಗೆ ಎದುರು ಹಿಡಿದರು. ‘ನೋಡಿ ಸಾರ್, ಸಂದಿಯಲ್ಲಿ ಬೆಳಕು ಬರ್ತಿದೆ. ಇದು ನಿಮ್ಮ ಇಂಜಿನ್ನಿಂದಲ್ಲ.’ ಆಮೇಲೆ ಸ್ಟೀಲಿನಲ್ಲಿ ಒಂದು ಅಡಾಪ್ಟರ್ ಕಡೆದು ಕೊಟ್ಟರು, ಒಂದು ಕಡೆ ಬಿಎಸ್‌ಪಿ, ಇನ್ನೊಂದು ಕಡೆ ಎನ್‌ಪಿಟಿ. ಥ್ರೆಡ್ ಗೇಜ್ ದುಬಾರಿ ಸಾಮಾನಲ್ಲ. ಮೊದಲು ಅದನ್ನು ಕೊಳ್ಳಿ. ಫೋಕ್ಸ್‌ವ್ಯಾಗನ್ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಎಂ10×1, ಅಂದರೆ 10 ಮಿಮೀ ಅಗಲದ ಮೆಟ್ರಿಕ್ ಥ್ರೆಡ್, ಬರುತ್ತದೆ. ಅದು ಟೇಪರ್ ಅಲ್ಲ, ವಾಷರಿನ ಮೇಲೆ ಸೀಲ್ ಆಗುವಂಥದ್ದು.

ಫಿಲ್ಟರಿನಲ್ಲೂ ಇದೇ ಕಥೆ. ಎಂ20×1.5 ಮತ್ತು 3/4-16 ಯುಎನ್‌ಎಫ್ ಎರಡೂ ಸಾಮಾನ್ಯ. ಮುಕ್ಕಾಲು ಇಂಚು ಎಂದರೆ 19.05 ಮಿಮೀ. ಎಂ20 ಫಿಲ್ಟರ್ ಅದರ ಮೇಲೆ ಸಡಿಲವಾಗಿ ಕೂರುತ್ತದೆ, ಬಿಗಿಯಾದ ಹಾಗೂ ಅನಿಸುತ್ತದೆ. ಸ್ಯಾಂಡ್‌ವಿಚ್ ಪ್ಲೇಟ್ ಕೊಳ್ಳುವಾಗ ನಡುವಿನ ಬೋಲ್ಟ್ ಯಾವುದು ಎಂದು ಅಳೆದೇ ಕೊಳ್ಳಿ.

ಟೆಫ್ಲಾನ್ ಟೇಪ್ ಬಗ್ಗೆ ಒಂದು ಮಾತು. ಒಂದೇ ವೈರ್ ಇರುವ ಸೆಂಡರಿಗೆ ಅರ್ಥಿಂಗ್ ಸಿಗುವುದು ಅದರ ಥ್ರೆಡ್ ಮೂಲಕವೇ. ಟೇಪ್ ದಪ್ಪಗೆ ಸುತ್ತಿದರೆ ಅರ್ಥ್ ತಪ್ಪಿ ಗೇಜ್ ಹುಚ್ಚಾಪಟ್ಟೆ ಓದುತ್ತದೆ. ಜೊತೆಗೆ ಟೇಪಿನ ಚೂರು ಹರಿದು ಆಯಿಲ್ ದಾರಿಯಲ್ಲಿ ಸಿಕ್ಕಿಕೊಳ್ಳುವ ಭಯ. ಟೇಪ್ ಬಿಡಿ, ದ್ರವ ಥ್ರೆಡ್ ಸೀಲೆಂಟ್ ಒಂದು ಹನಿ ಸಾಕು.

ಸೆಂಡರ್ ಎಲ್ಲಿ ಕೂರಬೇಕು?

ಬ್ಲಾಕಿನ ಮೇಲೆ ನೇರವಾಗಿ ಕೂರಿಸುವುದು ಸುಲಭ, ಅಗ್ಗ. ನಾವು ಮಾಡಿದ್ದೂ ಅದನ್ನೇ. ಟೀಯ ಒಂದು ಕಡೆ ಕಂಪನಿ ಸ್ವಿಚ್, ಇನ್ನೊಂದು ಕಡೆ ಡಬ್ಬಿಯಂಥ ದೊಡ್ಡ ಸೆಂಡರ್. ಆ ಡಬ್ಬಿ ಭಾರ. ನಾಲ್ಕು ಸಿಲಿಂಡರ್ ಇಂಜಿನ್ ನಿಮಿಷಕ್ಕೆ 6,000 ಸಲ ತಿರುಗುವಾಗ ಅದು ಟೀಯ ತುದಿಯಲ್ಲಿ ನೇತಾಡುತ್ತಾ ಅಲುಗುತ್ತಲೇ ಇರುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುವ ಹಾಗೆ ಹಿತ್ತಾಳೆ ಒಂದು ದಿನ ಮುರಿಯುತ್ತದೆ.

ಈಗ ನಾವು ಮಾಡುವುದು ಹೀಗೆ. ಇಂಜಿನ್ ಬ್ಲಾಕಿನಿಂದ ಒಂದು ಸ್ಟೀಲ್ ಅಡಾಪ್ಟರ್, ಅದಕ್ಕೆ ಒಂದಡಿ ಉದ್ದದ, ಬ್ರೇಕ್ ಹೋಸಿನಷ್ಟು ಸಣ್ಣ ಬ್ರೇಡೆಡ್ (ಮೇಲೆ ಸ್ಟೀಲ್ ಹೆಣಿಗೆಯ) ಹೋಸ್. ಅದರ ಇನ್ನೊಂದು ತುದಿ ಫೈರ್‌ವಾಲಿಗೆ (ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಗೆ) ಬೋಲ್ಟ್ ಮಾಡಿದ ಸಣ್ಣ ಅಲ್ಯುಮಿನಿಯಂ ಬ್ಲಾಕಿಗೆ. ಸೆಂಡರ್, ದೀಪದ ಸ್ವಿಚ್ ಎರಡೂ ಆ ಬ್ಲಾಕಿನ ಮೇಲೆ, ಬಾನೆಟ್ ಒಳಗೆಯೇ. ಅಲುಗಾಟ ಅಲ್ಲಿಗೆ ತಲುಪುವುದಿಲ್ಲ, ವೈರಿಂಗೂ ಬಿಸಿಯಿಂದ ದೂರ. ಅರ್ಥ್‌ಗೆ ಬೇರೆ ವೈರ್ ಎಳೆಯಬೇಕು, ಅಷ್ಟೇ. ಜಾಯಿಂಟ್ ಎರಡು ಜಾಸ್ತಿಯಾದವು, ನಿಜ. ಆದರೆ ಇಲ್ಲಿ ಹೋಸ್ ಬಳುಕುತ್ತದೆ, ಮುರಿಯುವುದಿಲ್ಲ. ಭಾರದ ಸೆಂಡರ್ ಹಾಕುವವರಿಗೆ ನಾನು ಬೇರೆ ದಾರಿ ಹೇಳುವುದಿಲ್ಲ. ಬೆರಳಿನಷ್ಟಿರುವ ಹೊಸ ಮೂರು ವೈರಿನ ಸೆನ್ಸರಾದರೆ ನೇರವಾಗಿ ಇಂಜಿನ್ ಬ್ಲಾಕಿಗೇ ಹಾಕಬಹುದು, ಟೀ ಮಾತ್ರ ಇಲ್ಲದೆ.

ಆಯಿಲ್ ಬಿಸಿಯ ಸೆನ್ಸರಿಗೆ ಮೂರು ಜಾಗ. ಡ್ರೈನ್ ಪ್ಲಗ್ಗಿನ ಬದಲು ಹಾಕುವಂಥದ್ದು ಸುಲಭ. ಆದರೆ ಕಲ್ಲು ಮೊದಲು ತಗಲುವುದು ಅಲ್ಲಿಗೇ. ಗಾರ್ಡ್ ಇದ್ದರೂ ವೈರ್ ಉಳಿಯುವುದಿಲ್ಲ. ಸ್ಯಾಂಡ್‌ವಿಚ್ ಪ್ಲೇಟಿನಲ್ಲಿ ಹಾಕಿದರೆ ಪಂಪಿನಿಂದ ಹರಿದು ಬರುವ ಆಯಿಲ್ಲಿನ ಬಿಸಿ ಸಿಗುತ್ತದೆ, ಕೈಗೂ ಎಟಕುತ್ತದೆ. ಮೂರನೆಯದು ಚೇಂಬರಿನ ಪಕ್ಕಕ್ಕೆ ಬಾಸ್ (ಒಳಗೆ ಥ್ರೆಡ್ ಇರುವ ದಪ್ಪ ಬಳೆ) ವೆಲ್ಡ್ ಮಾಡಿಸಿ ಹಾಕುವುದು. ಹೇಗೂ ಬ್ಯಾಫಲ್‌ಗೆ ಚೇಂಬರ್ ಬಿಚ್ಚುತ್ತೀರಿ, ಆಗಲೇ ಮಾಡಿಸಿಬಿಡಿ. ನನಗೆ ಇದೇ ಇಷ್ಟ. ಗೇರ್ ಬಾಕ್ಸ್ ಕಡೆಯ ಗೋಡೆಯಲ್ಲಿ, ಆಯಿಲ್ ಮಟ್ಟಕ್ಕಿಂತ ಚೆನ್ನಾಗಿ ಕೆಳಗೆ. ಪ್ರೆಶರ್ ಇಲ್ಲದ ಜಾಗ ಆದ್ದರಿಂದ ಸೋರಿದರೂ ಹನಿ ಹನಿಯಾಗಿ ಸೋರುತ್ತದೆ, ಚಿಮ್ಮುವುದಿಲ್ಲ.

ಓದುವುದು ಹೀಗೆ: 80 ಡಿಗ್ರಿ ದಾಟುವವರೆಗೆ ಇಂಜಿನ್ನನ್ನು ಜೋರಾಗಿ ತಿರುಗಿಸಬೇಡಿ. 90ರಿಂದ 110 ಆರಾಮ. ಒಳ್ಳೆ ಸಿಂಥೆಟಿಕ್ ಆಯಿಲ್ ಇದ್ದರೆ 120ಕ್ಕೆ ಹೆದರಬೇಕಿಲ್ಲ. 130 ದಾಟಿತು ಎಂದರೆ ಕಾಲು ಸಡಿಲಿಸಿ. ನೀರಿನ ಗೇಜ್ ನೋಡಿ ಆಯಿಲ್ ಬಿಸಿ ಊಹಿಸಲು ಹೋಗಬೇಡಿ. ನೀರು ಬೇಗ ಬಿಸಿಯಾಗುತ್ತದೆ, ಥರ್ಮೋಸ್ಟಾಟ್ ಅದನ್ನು ಒಂದೇ ಕಡೆ ಹಿಡಿದಿಡುತ್ತದೆ. ಆಯಿಲ್ ತಡವಾಗಿ ಏರುತ್ತದೆ, ಏರುತ್ತಲೇ ಹೋಗುತ್ತದೆ.

ಚೇಂಬರ್: ಬ್ಯಾಫಲ್, ಅಕ್ಯುಸಂಪ್, ಡ್ರೈ ಸಂಪ್

ಜಿ13 ಇಂಜಿನ್ನಿನಲ್ಲಿ ಹೆಚ್ಚುಕಡಿಮೆ ಮೂರೂವರೆ ಲೀಟರ್ ಆಯಿಲ್ ಇರುತ್ತದೆ. ಇಂಜಿನ್ ಓಡುವಾಗ ಅದರಲ್ಲಿ ಸಾಕಷ್ಟು ಮೇಲೆ ಹೆಡ್ಡಿನಲ್ಲಿ, ದಾರಿಯಲ್ಲಿ ಇರುತ್ತದೆ. ಕೆಳಗೆ ಉಳಿದದ್ದು ಉದ್ದ ತಿರುವಿನಲ್ಲಿ ಒಂದು ಗೋಡೆಗೆ ಹತ್ತುತ್ತದೆ, ಜೋರು ಬ್ರೇಕಿಗೆ ಮುಂದಕ್ಕೆ ನುಗ್ಗುತ್ತದೆ, ಜಂಪಿನಲ್ಲಿ ಮೇಲಕ್ಕೇ ಎದ್ದುಬಿಡುತ್ತದೆ. ಪಿಕಪ್ ಆಗ ಗಾಳಿ ಕುಡಿಯುತ್ತದೆ.

ಡ್ರೈ ಸಂಪ್ ಇದಕ್ಕೆ ಪೂರ್ತಿ ಪರಿಹಾರ. ಬೇರೆ ಟ್ಯಾಂಕ್, ಬೆಲ್ಟ್‌ನಿಂದ ಓಡುವ ಪಂಪ್, ಮೀಟರುಗಟ್ಟಲೆ ಹೋಸ್. ನಮ್ಮಂಥವರ ಕಾರಿಗೆ ಅದು ಬೇಡ. ಹೆಚ್ಚಿನ ಕ್ಲಾಸುಗಳ ನಿಯಮವೂ ಒಪ್ಪುವುದಿಲ್ಲ. ಅಕ್ಯುಸಂಪ್ ಎಂದರೆ ಪ್ರೆಶರ್ ತುಂಬಿಟ್ಟ ಸಿಲಿಂಡರ್. ಪಂಪಿನ ಪ್ರೆಶರ್ ಬಿದ್ದ ಕೂಡಲೇ ಅದು ತನ್ನ ಆಯಿಲನ್ನು ಇಂಜಿನ್ನಿಗೆ ತಳ್ಳುತ್ತದೆ. ಸ್ಟಾರ್ಟ್ ಮಾಡುವ ಮೊದಲು ಬೇರಿಂಗಿಗೆ ಆಯಿಲ್ ಕೊಡಲೂ ಆಗುತ್ತದೆ. ಒಳ್ಳೆಯ ಸಾಮಾನು. ಡಾಂಬರಿನ ಸರ್ಕ್ಯೂಟಿನಲ್ಲಿ, ನುಣುಪು ಟೈರಿನ ಹಿಡಿತದಲ್ಲಿ, ಉದ್ದುದ್ದ ತಿರುವಿಗೆ ಅದಕ್ಕೆ ಬೆಲೆ ಇದೆ. ಮಣ್ಣಿನ ದಾರಿಯಲ್ಲಿ ಕಾರು ಜಾರುತ್ತದೆ, ಪಕ್ಕದ ಎಳೆತ ಅಷ್ಟು ಹೊತ್ತು ನಿಲ್ಲುವುದಿಲ್ಲ. ಅಲ್ಲಿ ಬ್ಯಾಫಲ್ ಸಾಕು.

ಬ್ಯಾಫಲ್ ಎಂದರೆ ಪಿಕಪ್ ಸುತ್ತ ಒಂದೂವರೆ ಮಿಮೀ ಶೀಟಿನ ಡಬ್ಬಿ. ಗೋಡೆಗಳಲ್ಲಿ ಒಳಕ್ಕೆ ಮಾತ್ರ ತೆರೆಯುವ ಸಣ್ಣ ಬಾಗಿಲು, ಮೇಲೆ ಆಯಿಲ್ ಎದ್ದುಬರದ ಹಾಗೆ ಮುಚ್ಚಳ. ಹಿಂದೆ ಕೊಟ್ಟಿಗೆಯ ಬಾಗಿಲಿಗೆ ಹಾಕುತ್ತಿದ್ದ ಕೀಲಿನಂಥ ಕೀಲು, ಗಾತ್ರ ಸಣ್ಣದು. ಒಳ್ಳೆ ವೆಲ್ಡರ್ ಇದ್ದರೆ ಒಂದು ದಿನದ ಕೆಲಸ. ಹೊಸ ಹೋಸ್ ಇಲ್ಲ, ಹೊಸ ಜಾಯಿಂಟ್ ಇಲ್ಲ. ಹೊರಗಿನ ಗಾರ್ಡ್ ಬಿಟ್ಟರೆ ಈ ಇಡೀ ಪಟ್ಟಿಯಲ್ಲಿ ಸೋರುವ ಜಾಗ ಸೇರಿಸದೆ ಲಾಭ ಕೊಡುವ ಸಾಮಾನು ಇದೊಂದೇ, ಅದಕ್ಕೇ ನನಗೆ ಇದರ ಮೇಲೆ ಅಷ್ಟು ಪ್ರೀತಿ. ವೆಲ್ಡ್ ಆದ ಮೇಲೆ ಒಳಗಿನ ಸಿಡಿದ ಗುಂಡುಗಳನ್ನೆಲ್ಲ ಉಳಿಯಿಂದ ಕೆತ್ತಿ, ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಮೂರು ಸಲ ತೊಳೆಯಿರಿ. ಒಂದು ಗುಂಡು ಪಂಪಿಗೆ ಹೋದರೂ ಪಂಪ್ ಹೋಯ್ತು.

ಪಿಕಪ್ ಮತ್ತು ಚೇಂಬರಿನ ತಳದ ನಡುವೆ 6ರಿಂದ 10 ಮಿಮೀ ಇರಬೇಕು. ಅಳೆಯುವುದಕ್ಕೆ ಮಕ್ಕಳ ಬಣ್ಣದ ಮಣ್ಣು ತನ್ನಿ. ಒಂದು ಉಂಡೆ ಪಿಕಪ್ಪಿಗೆ ಅಂಟಿಸಿ, ಗ್ಯಾಸ್ಕೆಟ್ ಸಮೇತ ಚೇಂಬರ್ ಕೂರಿಸಿ ನಾಲ್ಕು ಬೋಲ್ಟ್ ಬಿಗಿಯಿರಿ, ಮತ್ತೆ ಬಿಚ್ಚಿ. ಮಣ್ಣು ಚಪ್ಪಟೆಯಾಗಿರುತ್ತದೆ. ಬ್ಲೇಡಿನಿಂದ ಕತ್ತರಿಸಿ ದಪ್ಪ ಅಳೆಯಿರಿ. ಈ ಸಂದಿ ಏಕೆ ಮುಖ್ಯ ಎಂದರೆ, ಕಲ್ಲು ತಾಗಿ ಚೇಂಬರ್ ತಗ್ಗಾದಾಗ ತಳ ಮೇಲೆದ್ದು ಪಿಕಪ್ಪಿನ ಬಾಯಿ ಮುಚ್ಚುತ್ತದೆ. ಹೊರಗೆ ಒಂದು ಹನಿಯೂ ಸೋರಿರುವುದಿಲ್ಲ. ಐಡ್ಲಿಂಗ್‌ನಲ್ಲಿ ಪ್ರೆಶರ್ ಸರಿ ಇರುತ್ತದೆ, ಆಕ್ಸಿಲರೇಟರ್ ಒತ್ತಿದರೆ ಏರುವುದೇ ಇಲ್ಲ. ಹಾಗಾದಾಗ ಗೇಜ್ ಕೆಟ್ಟಿದೆ ಎಂದುಕೊಳ್ಳದೆ ಕಾರಿನ ಕೆಳಗೆ ಮಲಗಿ ನೋಡಿ.

ಇದಕ್ಕೇ ಗಾರ್ಡ್. ದಪ್ಪ ಅಲ್ಯುಮಿನಿಯಂ ಪ್ಲೇಟ್, ಚೇಂಬರಿಗೂ ಅದಕ್ಕೂ ನಡುವೆ ಬೆರಳು ಹೋಗುವಷ್ಟು ಜಾಗ. ಗಾರ್ಡ್ ಹಾಕಿದ ಮೇಲೆ ಚೇಂಬರಿಗೆ ಬಡಿಯುತ್ತಿದ್ದ ಗಾಳಿ ನಿಲ್ಲುತ್ತದೆ, ಆಯಿಲ್ ಬಿಸಿ ಏರುತ್ತದೆ. ಬಿಸಿ ಅಳೆಯುವುದು ಗಾರ್ಡ್ ಹಾಕಿದ ಮೇಲೆಯೇ ಆಗಬೇಕು.

ಕೂಲರ್ ಬೇಕೇ? ಬೇಕಾದರೆ ಯಾವುದು?

ನಮ್ಮ ಕಡೆಯ ಸ್ಟೇಜುಗಳ ಗುಣ ಯೋಚಿಸಿ. ಕಾಫಿ ತೋಟದ ದಾರಿ ಕಿರಿದು, ತಿರುವು ಜಾಸ್ತಿ, ಎರಡನೇ ಗೇರಿನಲ್ಲೇ ಅರ್ಧ ಹೊತ್ತು. ಇಂಜಿನ್ ಪೂರ್ತಿ ತಿರುಗುತ್ತದೆ, ಕಾರು ಮಾತ್ರ ನಿಧಾನ. ಕೂಲರಿಗೆ ಗಾಳಿ ಬೇಕು, ಅದು ಅಲ್ಲಿ ಸಿಗುವುದೇ ಕಡಿಮೆ. ಮೇಲೆ ಧೂಳು. ಒಂದು ಸಲ ನೀರು ದಾಟಿದರೆ ಧೂಳೆಲ್ಲ ಕೆಸರಾಗಿ ಫಿನ್ನುಗಳ ನಡುವೆ ಗಟ್ಟಿಯಾಗುತ್ತದೆ.

ಗಾಳಿಯ ಕೂಲರ್ ಮತ್ತು ನೀರಿನ ಕೂಲರ್, ಎರಡನ್ನೂ ಈ ಕಣ್ಣಿನಿಂದ ನೋಡಬೇಕು. ನೀರಿನ ಕೂಲರ್ ಎಂದರೆ ಫಿಲ್ಟರ್ ಹತ್ತಿರ ಕೂರುವ ಸಣ್ಣ ಡಬ್ಬಿ. ಆಯಿಲ್ ಒಂದು ಕಡೆ, ರೇಡಿಯೇಟರ್ ನೀರು ಇನ್ನೊಂದು ಕಡೆ ಹರಿಯುತ್ತದೆ. ಹಲವು ಕಂಪನಿ ಕಾರುಗಳಲ್ಲಿ, ಅದರಲ್ಲೂ ಡೀಸೆಲ್‌ಗಳಲ್ಲಿ ಹುಟ್ಟಿನಿಂದಲೇ ಇರುತ್ತದೆ. ಚಳಿಯ ಬೆಳಿಗ್ಗೆ ಇದು ಆಯಿಲನ್ನು ಬೇಗ ಬಿಸಿ ಮಾಡುತ್ತದೆ. ಮುಂದೆ ಕಲ್ಲಿಗೆ ಸಿಗುವ ಉದ್ದದ ಹೋಸ್ ಇಲ್ಲ, ಕೆಸರು ಕಟ್ಟುವ ಫಿನ್ ಇಲ್ಲ. ತೊಂದರೆ ಎಂದರೆ ಆ ಬಿಸಿಯೆಲ್ಲ ರೇಡಿಯೇಟರ್ ಮೇಲೆ ಬೀಳುತ್ತದೆ. ರೇಡಿಯೇಟರ್ ಹಳೆಯದಾಗಿದ್ದರೆ ನೀರೂ ಕುದಿಯುತ್ತದೆ. ಒಳಗೆ ತೂತಾದರೆ ಆಯಿಲ್, ನೀರು ಬೆರೆತು ಹಾಲಿನ ಕಾಫಿ ಬಣ್ಣವಾಗುತ್ತದೆ.

ಗಾಳಿಯ ಕೂಲರ್ ಹೆಚ್ಚು ಬಿಸಿ ಎಳೆಯುತ್ತದೆ, ನೀರನ್ನು ಮುಟ್ಟುವುದಿಲ್ಲ. ಟ್ಯೂಬ್ ಫಿನ್ ಥರದ್ದು ಅಗ್ಗ, ಆದರೆ ನನ್ನ ಆಯ್ಕೆ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ್ದು. ಮೋಕಲ್, ಸೆಟ್ರಾಬ್ ಮಾಡುವುದು ಇಂಥದ್ದನ್ನೇ. 1300-1600 ಸಿಸಿಗೆ 10ರಿಂದ 13 ಸಾಲು ಸಾಕು. 19 ಸಾಲಿನದು ಅದೇ ದುಡ್ಡಿಗೆ ಸಿಕ್ಕಿತು ಎಂದು ತರಬೇಡಿ. ಆಯಿಲ್ ತಣ್ಣಗೇ ಉಳಿದರೆ ದಪ್ಪಗಿರುತ್ತದೆ, ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ. ಅದೂ ಕೆಟ್ಟದ್ದೇ.

ಪೋಲೊದಂಥ ಕಾರಿನಲ್ಲಿ ಬಿಸಿ 125ರ ಆಸುಪಾಸಿನಲ್ಲಿ ನಿಂತರೆ ನೀರಿನ ಕೂಲರ್ ಮತ್ತು ಹೊಸ ರೇಡಿಯೇಟರ್ ಹಾಕುತ್ತೇನೆ. 130 ದಾಟಿ ಏರುತ್ತಲೇ ಇದ್ದರೆ ಗಾಳಿಯ ಕೂಲರ್. 120 ಒಳಗೇ ಇದ್ದರೆ ಏನೂ ಹಾಕುವುದಿಲ್ಲ. ನಮ್ಮ ಎಸ್ಟೀಮ್‌ಗೆ ಈಗಲೂ ಕೂಲರ್ ಇಲ್ಲ.

ಗಾಳಿಯ ಕೂಲರ್ ಹಾಕುವುದಾದರೆ ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ ಬೇಕೇ ಬೇಕು. 80 ಡಿಗ್ರಿ ಸುಮಾರಿಗೆ ತೆರೆಯುವಂಥದ್ದು. ಪ್ಲೇಟ್ ಹಾಕಿದಾಗ ಫಿಲ್ಟರ್ ಒಂದಿಂಚಿನಷ್ಟು ಹೊರಗೆ ಬರುತ್ತದೆ. ಆ್ಯಕ್ಸಲಿಗೋ ಗಾರ್ಡಿಗೋ ತಾಗುತ್ತದೆಯೇ ಎಂದು ಮೊದಲೇ ನೋಡಿ. ಕೂಲರನ್ನು ಚಕ್ರದ ಕಮಾನಿನೊಳಗೆ ಇಡಬೇಡಿ, ಟೈರ್ ಎಸೆಯುವ ಕಲ್ಲು ಒಂದೇ ಸಾಕು. ಬಂಪರ್ ಹಿಂದೆ, ರೇಡಿಯೇಟರಿನ ಒಂದು ಮೂಲೆಯ ಮುಂದೆ, ರಬ್ಬರ್ ಬುಷ್ ಮೇಲೆ ಕೂರಿಸಿ. ಬಾಯಿಗಳು ಮೇಲಕ್ಕಿರಲಿ, ಆಗ ಒಳಗಿನ ಗಾಳಿ ಹೊರಬರುತ್ತದೆ. ಮುಂದೆ ಗಟ್ಟಿ ಜಾಲರಿ. ಸರ್ವಿಸಿನಲ್ಲಿ ನೀರು ಹೊಡೆದು ತೊಳೆಯುವಷ್ಟು ಸುಲಭವಾಗಿ ಜಾಲರಿ ಬಿಚ್ಚುವಂತಿರಲಿ.

ಹೋಸ್: ಇಲ್ಲಿ ದುಡ್ಡು ಉಳಿಸಬೇಡಿ

ಬೆಂಗಳೂರಿನಲ್ಲಿ ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಗಳಿಗೆ ಬರವಿಲ್ಲ. ಜೆಸಿಬಿಗೆ ಹಾಕುವಂಥ ಆರ್1, ಆರ್2 ಹೋಸನ್ನು ಅಳತೆಗೆ ಕತ್ತರಿಸಿ, ತುದಿಗೆ ಫಿಟ್ಟಿಂಗ್ ಕ್ರಿಂಪ್ ಮಾಡಿ ಅರ್ಧ ಗಂಟೆಯಲ್ಲಿ ಕೈಗೆ ಕೊಡುತ್ತಾರೆ. ಪ್ರೆಶರ್ ವಿಷಯದಲ್ಲಿ ನಮ್ಮ ಇಂಜಿನ್ನಿನ ಹತ್ತಾರು ಪಟ್ಟು ತಡೆಯುತ್ತದೆ. ಆದರೆ ಬಿಸಿ ನೋಡಿ: ಇಂಥ ಹೋಸುಗಳ ಸಾಮಾನ್ಯ ಮಿತಿ 100 ಡಿಗ್ರಿ. ನಮ್ಮ ಆಯಿಲ್ 120ಕ್ಕೆ ಹೋಗುತ್ತದೆ, ಪಕ್ಕದಲ್ಲಿ ಎಕ್ಸಾಸ್ಟ್ ಬೇರೆ. ಒಳಗಿನ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಭಾರವೂ ಜಾಸ್ತಿ, ಬಾಗುವುದೂ ಕಷ್ಟ. ಅಪೆಂಡಿಕ್ಸ್ ಜೆ ಕೇಳುವುದು 232 ಡಿಗ್ರಿ ಬಿಸಿಯಲ್ಲಿ ಕನಿಷ್ಠ 70 ಬಾರ್ ತನಕ ಒಡೆಯದ, ಮೇಲೆ ಸವೆತಕ್ಕೂ ಬೆಂಕಿಗೂ ತಡೆಯುವ ಹೆಣಿಗೆ ಇರುವ ಹೋಸ್. ಸ್ಪರ್ಧೆಯ ಕಾರಿಗೆ ಹೈಡ್ರಾಲಿಕ್ ಹೋಸ್ ಬೇಡ.

ರಬ್ಬರ್ ಹೋಸಿಗೆ ಕ್ಲಿಪ್ ಬಿಗಿಯುವುದಂತೂ ಮಾತಾಡುವ ವಿಷಯವೇ ಅಲ್ಲ. ಬೇಡ.

ಉಳಿದದ್ದು ಸ್ಟೀಲ್ ಹೆಣಿಗೆಯ ಹೋಸ್. ಇದರಲ್ಲಿ ಒಳಗೆ ರಬ್ಬರ್ ಇರುವುದು ಚೆನ್ನಾಗಿ ಬಾಗುತ್ತದೆ, ಫಿಟ್ಟಿಂಗ್ ಹಾಕುವುದು ಸುಲಭ. ಆದರೆ ಒಳಗಿನಿಂದ ಹಳೆಯದಾಗುವುದು ಹೊರಗೆ ಕಾಣುವುದಿಲ್ಲ. ಒಳಗೆ ಟೆಫ್ಲಾನ್ ಇರುವುದು 200 ಡಿಗ್ರಿಗೂ ಜಗ್ಗುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಇಕ್ಕಟ್ಟಿನಲ್ಲಿ ಬಗ್ಗಿಸಿದರೆ ಮಡಚಿಕೊಂಡು ದಾರಿ ಮುಚ್ಚುತ್ತದೆ. ಅದರ ಫಿಟ್ಟಿಂಗೇ ಬೇರೆ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ನನ್ನ ಆಯ್ಕೆ ಟೆಫ್ಲಾನ್, ತಿರುವಿನ ಜಾಗಕ್ಕೆ 90 ಡಿಗ್ರಿಯ ಫಿಟ್ಟಿಂಗ್. ಗಾತ್ರ ಡ್ಯಾಶ್ 10, ಒಳಬೋರು ಸುಮಾರು 14 ಮಿಮೀ. ಡ್ಯಾಶ್ 8 ಸಣ್ಣ ಇಂಜಿನ್ನಿಗೆ ನಡೆಯುತ್ತದೆ, ಆದರೆ ಕೂಲರ್ ದೂರ ಇದ್ದರೆ ಪ್ರೆಶರ್ ಅಲ್ಲೇ ಸ್ವಲ್ಪ ಕಳೆದುಹೋಗುತ್ತದೆ.

ಸ್ಟೀಲ್ ಹೆಣಿಗೆ ಅರದ ಹಾಗೆ. ತಗುಲಿದ ವೈರನ್ನೂ ಕೊರೆಯುತ್ತದೆ, ಅಲ್ಯುಮಿನಿಯಂ ಪೈಪನ್ನೂ ಕೊರೆಯುತ್ತದೆ. ಗೇಣಿಗೊಂದು ರಬ್ಬರ್ ಇರುವ ಪಿ-ಕ್ಲಿಪ್ ಹಾಕಿ. ಇಂಜಿನ್ ಮೌಂಟಿಂಗ್ ಮೇಲೆ ಅಲುಗುತ್ತದೆ, ಬಾಡಿ ಅಲುಗುವುದಿಲ್ಲ. ಎರಡರ ನಡುವೆ ಹೋಸಿಗೆ ಸ್ವಲ್ಪ ಸಡಿಲ ಬಿಡಿ.

ಮರೆಯಬಾರದ ಸಣ್ಣ ಕೆಲಸ

ಡ್ರೈನ್ ಪ್ಲಗ್ಗಿನ ತಲೆಗೆ ತೂತು ಕೊರೆದು ಲಾಕ್ ವೈರ್ ಕಟ್ಟಿ. ಫಿಲ್ಟರಿನ ಸುತ್ತ ದೊಡ್ಡ ಹೋಸ್ ಕ್ಲಿಪ್ ಬಿಗಿದು ಅದಕ್ಕೂ ವೈರ್ ಕಟ್ಟಿ, ಬಿಚ್ಚುವ ದಿಕ್ಕಿಗೆ ತಿರುಗದ ಹಾಗೆ. ಇಂಜಿನ್ ಒಳಗಿನ ಆವಿ ಬಿಡುವ ಬ್ರೀದರ್ ಪೈಪು ಹೊರಗೆ ತೆರೆದಿದ್ದರೆ, ಅದರಿಂದ ಬರುವ ಆಯಿಲ್ ಹಿಡಿಯಲು ಕ್ಯಾಚ್ ಟ್ಯಾಂಕ್ ಬೇಕು. 2,000 ಸಿಸಿವರೆಗೆ ಎರಡು ಲೀಟರ್, ಅದರ ಮೇಲೆ ಮೂರು ಲೀಟರ್, ಒಳಗೆ ಎಷ್ಟಿದೆ ಎಂದು ಹೊರಗಿನಿಂದ ಕಾಣಬೇಕು. ಸರ್ಜ್‌ಗೆ, ಅಂದರೆ ಆಯಿಲ್ ಒಂದು ಕಡೆ ನುಗ್ಗಿ ಪಿಕಪ್ ಗಾಳಿ ಎಳೆಯುವುದಕ್ಕೆ, ಮದ್ದು ಎಂದು ಅರ್ಧ ಲೀಟರ್ ಆಯಿಲ್ ಜಾಸ್ತಿ ಸುರಿಯುವವರಿದ್ದಾರೆ. ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ, ನೊರೆಗೆ ಬೇರಿಂಗ್ ಹೊರುವ ಶಕ್ತಿ ಇಲ್ಲ. ನಿಮ್ಮ ಕ್ಲಾಸಿನಲ್ಲಿ ಬ್ಯಾಫಲ್, ಕೂಲರ್ ಒಪ್ಪುತ್ತಾರೆಯೇ ಎಂದು ಭಾರತದ ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐನ ಆ ವರ್ಷದ ನಿಯಮ ಓದಿಯೇ ಸಾಮಾನು ಕೊಳ್ಳಿ.

ಎಲ್ಲ ಕೂರಿಸಿದ ಮೇಲೆ ಕೀ ತಿರುಗಿಸಿ ಸ್ಟಾರ್ಟ್ ಮಾಡಿಬಿಡಬೇಡಿ. ಫಿಲ್ಟರ್ ಆದಷ್ಟು ತುಂಬಿ, ಕೂಲರ್ ಇದ್ದರೆ ಅದನ್ನೂ ತುಂಬಿ ಹಾಕಿ. ಇಂಜೆಕ್ಟರ್ ಫ್ಯೂಸ್ ತೆಗೆಯಿರಿ, ಸ್ಪಾರ್ಕ್ ಪ್ಲಗ್ ಬಿಚ್ಚಿ. ಹತ್ತು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ, ಅರ್ಧ ನಿಮಿಷ ಬಿಡಿ, ಮತ್ತೆ ತಿರುಗಿಸಿ. ಕೆಂಪು ದೀಪ ಆರುವವರೆಗೆ ಅಥವಾ ಮುಳ್ಳು ಕದಲುವವರೆಗೆ ಹೀಗೇ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಒಬ್ಬರು ಗೇಜ್ ನೋಡಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ನೋಡಲಿ. ಆಯಿಲ್ ಬಿಸಿಯಾದ ಮೇಲೆ ಆಫ್ ಮಾಡಿ, ಮಟ್ಟ ನೋಡಿ, ಕಡಿಮೆ ಇದ್ದಷ್ಟು ಹಾಕಿ.

ಐವತ್ತು ಕಿಲೋಮೀಟರ್ ಓಡಿಸಿ ಬಂದು ಎಲ್ಲ ಫಿಟ್ಟಿಂಗಿಗೂ ಮತ್ತೊಮ್ಮೆ ಸ್ಪ್ಯಾನರ್ ಮುಟ್ಟಿಸಿ. ಬಿಗಿಯಾಗಿದ್ದರೆ ಬಿಳಿ ಪೇಂಟಿನಿಂದ ಫಿಟ್ಟಿಂಗಿಗೂ ಹೋಸಿಗೂ ಸೇರಿಸಿ ಒಂದು ಗೆರೆ ಎಳೆಯಿರಿ. ಸ್ಟೇಜ್ ಮುಗಿಸಿ ಬಂದಾಗ ಗೆರೆ ಜರುಗಿದ್ದರೆ ಸಡಿಲಾಗಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆ ರಾತ್ರಿ ಗಾರ್ಡ್ ಬಿಚ್ಚಿ, ಇಂಜಿನ್ ಕೆಳಗೆ ಹಳೆ ನ್ಯೂಸ್ ಪೇಪರ್ ಹಾಸಿ ಮಲಗಿ. ಬೆಳಿಗ್ಗೆ ಪೇಪರಿನ ಮೇಲೆ ಹನಿ ಬಿದ್ದಿದ್ದರೆ ಒರೆಸಲು ಹೋಗಬೇಡಿ, ಹನಿಯ ನೇರಕ್ಕೆ ಮೇಲೆ ಟಾರ್ಚ್ ಹಿಡಿದು ನೋಡಿ.